ಏಳನೆಯ ಕಿಟಕಿ

ಓಸ್ತ್ರಾವದಲ್ಲಿ ಮೂವತ್ತೊಂದು ವರ್ಷ ಟ್ರಾಮು ಓಡಿಸಿದವನು ನಾನು,
ಹಳಿ ಬಿಟ್ಟು ಒಂದು ಗೇಣೂ ಮೇಲೆದ್ದವನಲ್ಲ.
ಈಗ ಅಡುಗೆಮನೆಯ ಮೇಜಿಗೆ ಹಳೆಯ ಪತ್ರಿಕೆ ಹಾಸಿ
ವಿಮಾನ ಕಟ್ಟುತ್ತೇನೆ: ಗೇಣುದ್ದ, ಎರಡು ಪ್ರೊಪೆಲ್ಲರು.
ಯುದ್ಧದ್ದಲ್ಲ. ಬಾಂಬು ಕಂಡರಾಗದು ನನಗೆ.
ಜನ ಕೂತು, ಸೂಪು ಕುಡಿದು, ಬಾಯಿ ತೆರೆದು ನಿದ್ದೆ ಹೋಗಿ
ಊರು ಸೇರುತ್ತಿದ್ದ ವಿಮಾನ.

ಇಂಥದ್ದನ್ನು ದೊಡ್ಡ ಕಂಪನಿಗಳು ಮಾಡುವುದಿಲ್ಲ,
ಕೊಳ್ಳುವವರು ದೇಶಕ್ಕೆ ನಲವತ್ತು ಮಂದಿ.
ಓಲೊಮೌಟ್ಸ್‌ನ ಆಚೆ ಒಂದು ಗ್ಯಾರೇಜಿನಲ್ಲಿ ಒಟಕಾರ್ ಎಂಬುವನು
ರಬ್ಬರಿನ ಅಚ್ಚಿಗೆ ರೆಸಿನ್ ಹುಯ್ಯುತ್ತಾನೆ.
ಇಪ್ಪತ್ತೈದು ಎರಕಕ್ಕೆ ಅಚ್ಚು ಸೋಲುತ್ತದೆ,
ಆಮೇಲೆ ಹುಟ್ಟಿದವಕ್ಕೆಲ್ಲ ಮೈತುಂಬ ಸಿಡುಬು.
ನನ್ನದು ಇಪ್ಪತ್ನಾಲ್ಕನೆಯದು.

ಪೆಟ್ಟಿಗೆಯಲ್ಲ, ಬ್ರೆಡ್ಡಿನ ಚೀಲ. ಒಳಗೆ ಬೆಣ್ಣೆಬಣ್ಣದ ತುಂಡುಗಳು
ಹೊಕ್ಕುಳಬಳ್ಳಿ ಕೊಯ್ಯದ ಕೂಸುಗಳ ಹಾಗೆ
ಎರಕದ ದಿಮ್ಮಿಗೆ ಅಂಟಿಕೊಂಡು.
ನೀರು ಸವರಿ ಗರಗಸವಾಡಿಸಬೇಕು, ಆ ಧೂಳು
ಎದೆಗೆ ಹೋದರೆ ಹೋಯಿತು.
ಎಡರೆಕ್ಕೆ ಜೋತುಬಿದ್ದಿತ್ತು. ಚಹಾದ ನೀರಿಗೆ ಅದ್ದಿ,
ಮೆತ್ತಗಾದಾಗ ಬೆರಳಲ್ಲಿ ತಿದ್ದಿ, ತಣ್ಣೀರಲ್ಲಿ ಹಿಡಿದೆ:
ಸೊಟ್ಟ ಹೋಯಿತು. ಅದೇ ನೀರಿಗೆ ಆಮೇಲೆ
ಸೊಪ್ಪು ಹಾಕಿ ಕುಡಿದೆನೋ ಇಲ್ಲವೋ ನೆನಪಿಲ್ಲ.

ಮೂಗಿಗೆ ಗಾಳದ ಸೀಸ ತುರುಕಿದೆ, ನಾಲ್ಕು ಗುಂಡು.
ಇಲ್ಲದಿದ್ದರೆ ಬಾಲದ ಮೇಲೆ ಕೂತು
ಆಕಾಶ ನೋಡುತ್ತದೆ, ಬೇಡುವವನ ಹಾಗೆ.
ಪೈಲಟ್ಟಿಲ್ಲ, ಸೀಟಿಲ್ಲ. ಒಳಗಿರುವುದು ಬರೀ ಭಾರ.

ಅಂಟು ಹಾಕುವ ಮೊದಲು ಎಣಿಸಿದೆ.
ನಕ್ಷೆಯಲ್ಲಿ ಆರು ಕಿಟಕಿ.
ಎರಕದಲ್ಲಿ, ಎಡಗಡೆ, ಏಳು.

ಒಟಕಾರನಿಗೆ ಫೋನು ಮಾಡಿದೆ. "ಆರೇ," ಎಂದ.
"ಕಣ್ಣು ತೋರಿಸಿಕೋ."
ಕಣ್ಣಿನ ಬದಲು ಆ ತುಂಡನ್ನೇ ಒಯ್ದು ತೋರಿಸಿದೆ
ಮೂರನೆಯ ಮಹಡಿಯ ಜ್ದಿಸ್ಲಾವಾಳಿಗೆ.
ಎಂಬತ್ತಾರರ ಹೆಂಗಸು, ಒಂದು ಕಾಲಕ್ಕೆ
ಟೋಪಿ ಓರೆ ಮಾಡಿಕೊಂಡು ಇದೇ ವಿಮಾನದೊಳಗೆ ನಡೆದಾಡಿದವಳು.

ಕನ್ನಡಕ ಹಣೆಗೇರಿಸಿ, ಉಗುರಲ್ಲಿ ಒಂದೊಂದೇ ಮುಟ್ಟಿ,
"ಸರಿಯಾಗಿಯೇ ಇದೆಯಲ್ಲ," ಎಂದಳು.
"ಕೊನೆಯದು ನನ್ನದು. ಮಡಿಸುವ ಕುರ್ಚಿ, ಸೂಪಿನ ಡಬ್ಬಿಯ ಪಕ್ಕ.
ಕೊಶಿತ್ಸೆಗೆ ಹೋಗುವಾಗ ತಾತ್ರಾ ಬೆಟ್ಟದ ಹಿಮ
ಮೊಣಕಾಲಿನ ಹತ್ತಿರ ಬೆಳಗುತ್ತಿತ್ತು.
ಕಾಲುಚೀಲದ ಹರುಕು ಹೊಲಿದದ್ದು ಆ ಬೆಳಕಲ್ಲೇ."

ಫೋಟೋ ತಂದೆ: ನೋಡು, ಆರು.
"ಅದು ಬಲಗಡೆಯಿಂದ ತೆಗೆದದ್ದು."
ನಕ್ಷೆ ತಂದೆ.
"ಇದನ್ನು ಬರೆದವನು ಒಳಗೆ ಕೂತಿದ್ದನೇ?"

ನಾನು ಕಾಗದ ನಂಬಿದವನು. ಪಟ್ಟಿಯಲ್ಲಿಲ್ಲದ ನಿಲ್ದಾಣದಲ್ಲಿ
ಒಮ್ಮೆಯೂ ಬಾಗಿಲು ತೆರೆದವನಲ್ಲ,
ಮಳೆಯಲ್ಲಿ ಕೊಡೆ ಎತ್ತಿ ಕೂಗುವವರಿಗೂ.
ಕಿಟಕಿ ಮುಚ್ಚಿದೆ.

ಮೂರು ಸಲ ಮೆತ್ತಿದೆ, ಮೂರು ಸಲ ತಿಕ್ಕಿದೆ.
ಬೆನ್ನಿಗೆ ಬಿಳಿ, ಹೊಟ್ಟೆಗೆ ಬೆಳ್ಳಿ, ನಡುವೆ ನೀಲಿ ಪಟ್ಟೆ.
ಸಾಸರಿನ ನೀರಲ್ಲಿ ಕಾಗದ ಬಿಟ್ಟು ತೇಲಿದ ಅಕ್ಷರಗಳು
ಉಸಿರು ತಾಗಿದರೆ ಮುದುಡುತ್ತಿದ್ದವು.
ನಮ್ಮ ದೇಶದ ವಿಮಾನಗಳ ಹೆಸರೆಲ್ಲ 'ಓಕೆ' ಎಂದೇ ಶುರು.
ಹಾರುವ ಮೊದಲೇ ಒಪ್ಪಿಗೆ.

ವಾರ ಕಳೆದು ಸಂಜೆಯ ಓರೆ ಬಿಸಿಲಿಗೆ ಹಿಡಿದಾಗ ಕಂಡಿತು.
ಮೆತ್ತಿದ್ದು ಒಣಗಿ, ಒಳಗೊಳಗೇ ಕುಗ್ಗಿ
ಬಿಳಿಯ ಕೆಳಗೊಂದು ತಗ್ಗು, ಎಳೆಮಗುವಿನ ನೆತ್ತಿಯಂಥದು.
ಮತ್ತೆ ತಿಕ್ಕಿದರೆ ನೀಲಿ ಪಟ್ಟೆಯೂ ಹೋಗುತ್ತದೆ.
ಬಿಟ್ಟೆ.

ಭಾನುವಾರ ಜ್ದಿಸ್ಲಾವಾ ಗಸಗಸೆ ಕೇಕು ತಂದಳು.
ಎರಡೂ ಕೈಯಲ್ಲಿ ವಿಮಾನ ಎತ್ತಿಕೊಂಡಳು, ಕಣ್ಣು ಬೇರೆಲ್ಲೋ.
ಹೆಬ್ಬೆರಳು ಮಾತ್ರ ಆರು ಕಿಟಕಿ ದಾಟಿ
ಹೋಗಿ ನಿಂತಿತು.
"ಇಲ್ಲೇ," ಎಂದಳು.
ಸ್ವಲ್ಪ ಹೊತ್ತು ಬಿಟ್ಟು,
"ಆದರೆ ಇನ್ನೂ ಒಂದಿಷ್ಟು ಕೆಳಗಿತ್ತು."